ಬಟ್ಟೆ ಕರಡಿಯ ಊರು ಸುತ್ತಾಟ: ಮಕ್ಕಳ ಗೊಂಬೆಯನ್ನು ಪ್ರವಾಸಕ್ಕೂ ಗೆಳೆಯರ ಮನೆಗೂ ಕಳುಹಿಸುವ ಬಗೆ

ಮಗುವಿನ ಟೆಡ್ಡಿಯನ್ನು ಪ್ರವಾಸಕ್ಕೆ ಕರೆದೊಯ್ಯುವುದು, ಗೆಳೆಯರ ಮನೆಯಲ್ಲಿ ಉಳಿಯಲು ಬಿಡುವುದು, ಅದು ಕಂಡದ್ದನ್ನೂ ಮಾಡಿದ್ದನ್ನೂ ದಿನಚರಿಯಲ್ಲಿ ಬರೆದಿಡುವುದು ಹಲವು ಮನೆಗಳಲ್ಲಿ, ಕೆಲವು ಶಾಲೆಗಳಲ್ಲಿ ನಡೆಯುವ ಆಟ. ಮೊದಲ ಕೆಲವು ವಾರ ಉತ್ಸಾಹ ಚೆನ್ನಾಗಿರುತ್ತದೆ. ಬರಬರುತ್ತಾ ಫೋಟೊಗಳು ಫೋನಿನಲ್ಲಿಯೇ ಉಳಿದು, ದಿನಚರಿಯ ಬರವಣಿಗೆ ಅಮ್ಮನ ಪಾಲಿಗೆ ಬಂದು, ಗೊಂಬೆ ಕಪಾಟು ಸೇರುತ್ತದೆ. ಹೀಗಾಗುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ದೊಡ್ಡವರು ಗೊಂಬೆಯನ್ನು ಫೋಟೊ ತೆಗೆಯುವ ವಸ್ತುವಾಗಿ ನೋಡುತ್ತಾರೆ, ಮಗುವಾದರೋ ಅದನ್ನು ತನ್ನ ಜೊತೆಗಾರನಾಗಿ ನೋಡುತ್ತದೆ. ಗೊಂಬೆಗೆ ಒಂದು ಸ್ವಭಾವ ಮತ್ತು ಒಂದು ಕೆಲಸವಿದ್ದು, ಪೆನ್ಸಿಲ್ ಮಗುವಿನ ಕೈಯಲ್ಲೇ ಉಳಿದರೆ ಈ ಆಟ ವರ್ಷಗಟ್ಟಲೆ ನಡೆಯುತ್ತದೆ. ಮುಂದೆ ಹೇಳುವ ಕ್ರಮಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ಯಾವ ಗೊಂಬೆ ಹೊರಡಬೇಕು

ಮಗು ಯಾವ ಗೊಂಬೆಯನ್ನು ತಬ್ಬಿಕೊಳ್ಳದೆ ರಾತ್ರಿ ನಿದ್ದೆ ಮಾಡುವುದಿಲ್ಲವೋ ಆ ಗೊಂಬೆಯನ್ನು ಪ್ರವಾಸಿಯಾಗಿ ಆರಿಸಬಾರದು. ಅದು ಮನೆಯಲ್ಲಿಯೇ ಇರಲಿ. ಮಗುವಿಗೆ ಪ್ರೀತಿಯಿದ್ದರೂ ನಾಲ್ಕು ದಿನ ಅಗಲಿರಬಲ್ಲಂಥ ಇನ್ನೊಂದು ಗೊಂಬೆ ಈ ಕೆಲಸಕ್ಕೆ ಸರಿ. ಗಾತ್ರ ಒಂದು ಗೇಣಿನಷ್ಟಿದ್ದರೆ ಶಾಲೆಯ ಚೀಲದಲ್ಲಿ ಹಿಡಿಸುತ್ತದೆ, ಬಸ್ಸಿನಲ್ಲಿ ಮಡಿಲ ಮೇಲೆ ಕೂರುತ್ತದೆ, ತೊಳೆದರೆ ಬೇಗ ಒಣಗುತ್ತದೆ. ಬಿಳಿ ಬಣ್ಣದ್ದಕ್ಕಿಂತ ಕಂದು ಬಣ್ಣದ್ದು ನಮ್ಮ ರಸ್ತೆಯ ಧೂಳಿಗೆ ಹೊಂದುತ್ತದೆ.

ಹೊಸದನ್ನು ಕೊಳ್ಳುವುದಾದರೆ ಐಎಸ್‌ಐ ಗುರುತನ್ನು ನೋಡಿ ಕೊಳ್ಳಬೇಕು. ನಮ್ಮ ದೇಶದಲ್ಲಿ ಮಾರಾಟವಾಗುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಈ ಗುರುತು ಕಡ್ಡಾಯವಾಗಿದೆ. ಗೊಂಬೆ ಹೋಗುವ ಮನೆಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳು ಇರಬಹುದಾದ್ದರಿಂದ ಅಂಟಿಸಿದ ಗುಂಡಿಯ ಕಣ್ಣುಗಳಿಗಿಂತ ದಾರದಲ್ಲಿ ಕಸೂತಿ ಮಾಡಿದ ಕಣ್ಣುಗಳಿರುವ ಗೊಂಬೆ ಸುರಕ್ಷಿತ. ಕಿತ್ತುಬಂದ ಗುಂಡಿ ನೇರವಾಗಿ ಎಳೆಮಗುವಿನ ಬಾಯಿಗೆ ಹೋಗುತ್ತದೆ. ಅಜ್ಜಿ ಹೊಲಿದುಕೊಟ್ಟ ಗೊಂಬೆಯಾದರೆ ಒಳಗೆ ಏನು ತುಂಬಿದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಬೂರುಗದ ಹತ್ತಿ ತುಂಬಿದ್ದರೆ ತೊಳೆದಾಗ ಅದು ಗಂಟು ಕಟ್ಟಿಕೊಳ್ಳಬಹುದು, ಆದ್ದರಿಂದ ಅಂಥದ್ದನ್ನು ಮಳೆಗಾಲದ ಪ್ರಯಾಣಕ್ಕೆ ಕರೆದೊಯ್ಯದಿರುವುದೇ ಮೇಲು.

ಹೆಸರು, ಸ್ವಭಾವ, ಕೆಲಸ

ಉದಾಹರಣೆಗೆ ಒಂದು ಕಂದು ಕರಡಿಯನ್ನು ತೆಗೆದುಕೊಳ್ಳೋಣ. ಜಾಂಬವಂತನ ಕಥೆ ಕೇಳಿದ ಮಗು ಅದಕ್ಕೆ ಜಾಂಬು ಎಂದು ಹೆಸರಿಟ್ಟಿದೆ ಎನ್ನೋಣ. ಹೆಸರಾದ ಮೇಲೆ ಮಗುವನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಬೇಕು: ಜಾಂಬುವಿಗೆ ಯಾವುದರ ಭಯ, ಯಾವ ತಿಂಡಿ ಇಷ್ಟ, ಹೊಸಬರ ಜೊತೆ ಮಾತಾಡುತ್ತಾನೋ ನಾಚಿಕೊಳ್ಳುತ್ತಾನೋ? ಬರುವ ಉತ್ತರಗಳನ್ನು ತಿದ್ದಬಾರದು. ಮಕ್ಕಳು ಬಹಳ ಸಲ ತಮ್ಮದೇ ಭಯವನ್ನು ಗೊಂಬೆಯ ಹೆಸರಿನಲ್ಲಿ ಹೇಳುತ್ತಾರೆ. ‘ಜಾಂಬುಗೆ ಇಂಜೆಕ್ಷನ್ ಅಂದ್ರೆ ಭಯ’ ಎಂದರೆ ಅದು ಯಾರ ಮಾತೆಂದು ನಮಗೆ ಗೊತ್ತಾಗುತ್ತದೆ; ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ನಡೆಸುವ ‘ಟೆಡ್ಡಿ ಆಸ್ಪತ್ರೆ’ಗಳು ಇದೇ ತಿಳಿವಳಿಕೆಯ ಮೇಲೆ ನಡೆಯುತ್ತವೆ. ಮಗು ತನ್ನ ಗೊಂಬೆಯನ್ನು ರೋಗಿಯಾಗಿ ಕರೆತರುತ್ತದೆ, ವಿದ್ಯಾರ್ಥಿಗಳು ಗೊಂಬೆಯನ್ನು ಪರೀಕ್ಷಿಸಿ ಪಟ್ಟಿ ಕಟ್ಟುತ್ತಾರೆ, ನೋಡುತ್ತಾ ನಿಂತ ಮಗುವಿಗೆ ಆಸ್ಪತ್ರೆಯ ಹೆದರಿಕೆ ಕಡಿಮೆಯಾಗಲಿ ಎಂಬುದು ಉದ್ದೇಶ. ನಮ್ಮ ಮಕ್ಕಳನ್ನು ಲಸಿಕೆಗೆ ಕರೆದೊಯ್ಯುವ ದಿನ ಜಾಂಬುವನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಇದೇ ಬಗೆಯ ಸಹಾಯ.

ಸ್ವಭಾವದಷ್ಟೇ ಮುಖ್ಯವಾದದ್ದು ಕೆಲಸ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಂ-4 ತಂಡ ಬಾಹ್ಯಾಕಾಶಕ್ಕೆ ಹೊರಟಾಗ ಅವರೊಂದಿಗೆ ‘ಜಾಯ್’ ಎಂಬ ಹೆಸರಿನ ಪುಟ್ಟ ಬಟ್ಟೆಯ ಹಂಸವೂ ಇತ್ತು. ಅದು ಸುಮ್ಮನೆ ಜೊತೆಗೆ ಹೋದದ್ದಲ್ಲ. ನೌಕೆ ಕಕ್ಷೆ ಸೇರಿ ಎಂಜಿನ್‌ಗಳು ನಿಂತಾಗ ಗೊಂಬೆ ತೇಲತೊಡಗುತ್ತದೆ. ಸೀಟಿಗೆ ಬಿಗಿದು ಕೂತಿರುವ ಗಗನಯಾತ್ರಿಗಳಿಗೆ ಭಾರರಹಿತ ಸ್ಥಿತಿ ಬಂತೆಂಬುದನ್ನು ತೋರಿಸುವುದು ಅದರ ಕೆಲಸ. ಮಕ್ಕಳಿಗೆ ಇದನ್ನು ಹೇಳಿ, ‘ನಮ್ಮ ಜಾಂಬುಗೆ ಏನು ಕೆಲಸ ಕೊಡೋಣ?’ ಎಂದು ಕೇಳಿ ನೋಡಿ. ಹೋದ ಊರಿನಲ್ಲೆಲ್ಲ ಎಲ್ಲಕ್ಕಿಂತ ದೊಡ್ಡ ಮರವನ್ನು ಹುಡುಕುವುದು, ಸಂತೆಯಲ್ಲಿ ಒಂದು ತರಕಾರಿಯ ಬೆಲೆ ಕೇಳಿ ಬರೆದುಕೊಳ್ಳುವುದು, ಪ್ರತಿ ಮನೆಯ ಅಜ್ಜಿ ಅಥವಾ ತಾತನಿಂದ ಒಂದು ಒಗಟು ಸಂಗ್ರಹಿಸುವುದು, ಇವುಗಳಲ್ಲಿ ಯಾವುದಾದರೂ ಆಗಬಹುದು. ಒಂದೇ ಕೆಲಸ ಸಾಕು. ಎರಡು ಮೂರನ್ನು ವಹಿಸಿದರೆ ಅದು ಹೋಂವರ್ಕ್ ಆಗಿಬಿಡುತ್ತದೆ.

ಗಿರಣಿಯಿಂದ ಆರಂಭಿಸಿ

ಹಂಪಿಗೋ ಊಟಿಗೋ ಹೊರಡುವ ದಿನವನ್ನು ಕಾಯದೆ, ಮನೆಯ ಸುತ್ತಮುತ್ತಲಿನಲ್ಲೇ ಮೊದಲ ಸುತ್ತಾಟಗಳು ನಡೆಯಲಿ ಎಂಬುದು ನನ್ನ ಒತ್ತಾಯ. ದೊಡ್ಡ ಪ್ರವಾಸದಲ್ಲಿ ನೋಡುವುದಕ್ಕೆ ಬಹಳವಿರುವುದರಿಂದ ಮಗು ಏನನ್ನೂ ಗಮನಿಸದೆ ಬರುವ ಸಂಭವವೇ ಹೆಚ್ಚು. ಚಪ್ಪಲಿ ಹೊಲಿಯುವವರ ಬಳಿ, ಹಾಲಿನ ಬೂತಿನಲ್ಲಿ, ಬಟ್ಟೆ ಇಸ್ತ್ರಿ ಮಾಡುವವರ ಗಾಡಿಯ ಎದುರು ಗೊಂಬೆಯೊಂದಿಗೆ ಹತ್ತು ನಿಮಿಷ ನಿಂತರೆ ಒಂದು ಪುಟ ತುಂಬುವಷ್ಟು ಸಿಗುತ್ತದೆ.

ಹಿಟ್ಟಿನ ಗಿರಣಿಯನ್ನೇ ನೋಡಿ. ರಾಗಿಯ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಾಗ ಜಾಂಬುವನ್ನು ಎತ್ತಿ ಹಿಡಿದರೆ ಅವನಿಗೆ ಕಾಣುವುದು ಪಟಪಟನೆ ಓಡುವ ಬೆಲ್ಟ್, ಮೇಲಿನ ಬಾಯಿಗೆ ಸುರಿದ ಕಾಳು ಸುಳಿಯಾಗಿ ಇಳಿಯುವುದು, ಕೆಳಗೆ ಬಟ್ಟೆಯ ತೋಳಿನಿಂದ ಹಿಟ್ಟು ಬೀಳುವುದು, ಗಿರಣಿಯವರು ನಡುನಡುವೆ ಆ ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿ ನುಣುಪು ನೋಡುವುದು. ಅಂದಿನ ದಿನಚರಿ ಹೀಗಿರಬಹುದು: ‘ಜಾಂಬು ಗಿರಣಿಗೆ ಹೋದ. ಅಲ್ಲಿ ಎಲ್ಲರ ರೆಪ್ಪೆ ಮೇಲೂ ಹಿಟ್ಟು ಇತ್ತು. ಜಾಂಬು ಮೂಗಿಗೂ ಮೆತ್ತಿತು. ಡಬ್ಬಿ ಮುಟ್ಟಿದರೆ ಬಿಸಿ. ಒಲೆನೇ ಇಲ್ಲ, ಹಿಟ್ಟು ಯಾಕೆ ಬಿಸಿ?’ ಈ ಕೊನೆಯ ಪ್ರಶ್ನೆ ಬಂತೆಂದರೆ ಆ ದಿನದ ಕೆಲಸ ಆದಂತೆ. ಎರಡು ಅಂಗೈಗಳನ್ನು ಜೋರಾಗಿ ಉಜ್ಜಿ ನೋಡೆಂದು ಹೇಳಿದರೆ, ಕಲ್ಲುಗಳ ಉಜ್ಜಾಟದಿಂದ ಹುಟ್ಟುವ ಶಾಖವನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಓಡುವ ಬೆಲ್ಟಿನ ಹತ್ತಿರ ಮಗುವನ್ನಾಗಲಿ ಗೊಂಬೆಯನ್ನಾಗಲಿ ಬಿಡಬಾರದೆಂಬ ಎಚ್ಚರ ಮಾತ್ರ ಇರಲೇಬೇಕು.

ದಿನಚರಿಗೆ ಗೆರೆಯಿಲ್ಲದ, ಗಟ್ಟಿ ರಟ್ಟಿನ ಪುಸ್ತಕ ಒಳ್ಳೆಯದು, ಏಕೆಂದರೆ ಗೆರೆಗಳಿದ್ದ ಕಡೆ ಮಕ್ಕಳು ಚಿತ್ರ ಬರೆಯಲು ಹಿಂಜರಿಯುತ್ತಾರೆ. ಎಲ್ಲಿಗೆ ಹೋದದ್ದು, ಯಾರ ಜೊತೆ, ಕೇಳಿದ ಒಂದು ಸದ್ದು ಅಥವಾ ಮೂಸಿದ ಒಂದು ವಾಸನೆ, ಮನಸ್ಸಿಗೆ ಬಂದ ಒಂದು ಪ್ರಶ್ನೆ, ಇಷ್ಟಿದ್ದರೆ ಸಾಕು. ಇನ್ನೂ ಬರೆಯಲು ಬಾರದ ಮಗು ಹೇಳಿದ್ದನ್ನು ದೊಡ್ಡವರು ಬರೆದುಕೊಳ್ಳಬಹುದು, ಆದರೆ ಮಗುವಿನ ಮಾತನ್ನು ಗ್ರಂಥಭಾಷೆಗೆ ತಿರುಗಿಸದೆ, ಅದು ಆಡಿದ ಹಾಗೆಯೇ, ಮನೆಯ ಆಡುನುಡಿಯಲ್ಲೇ ಬರೆಯಬೇಕು. ಕಾಗುಣಿತದ ತಪ್ಪುಗಳನ್ನು ಈ ಪುಸ್ತಕದಲ್ಲಿ ತಿದ್ದುವುದು ಬೇಡ. ಅದಕ್ಕೆ ಶಾಲೆಯ ಪುಸ್ತಕಗಳಿವೆ. ಬಸ್ಸಿನ ಟಿಕೆಟ್ ಅಂಟಿಸುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಕಂಡಕ್ಟರ್ ಯಂತ್ರದಿಂದ ಕೊಡುವ ಟಿಕೆಟಿನ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅದರ ಜೆರಾಕ್ಸ್ ಪ್ರತಿಯನ್ನು ಅಂಟಿಸಿ. ಮೈದಾ ಅಂಟು ಜಿರಳೆಯನ್ನು ಕರೆಯುತ್ತದೆ, ಅಂಗಡಿಯ ಗ್ಲೂ ಸ್ಟಿಕ್ ಬಳಸಿ.

ದೂರದ ಪ್ರಯಾಣ: ಕರಡಿ ಕರಡಿಗಳನ್ನು ನೋಡಲು ಹೋದಾಗ

ದೊಡ್ಡ ಪ್ರವಾಸಕ್ಕೆ ಗೊಂಬೆಗೆ ಸಂಬಂಧವಿರುವ ಜಾಗವನ್ನು ಆರಿಸಿದರೆ ಮಗುವಿಗೆ ಹೋಗಲು ಒಂದು ಕಾರಣ ಸಿಗುತ್ತದೆ. ಜಾಂಬುವಿನಂಥ ಕರಡಿಗೆ ಹಂಪಿಯ ಸಮೀಪದ ದರೋಜಿ ಕರಡಿಧಾಮಕ್ಕಿಂತ ಒಳ್ಳೆಯ ಜಾಗ ನಮ್ಮಲ್ಲಿಲ್ಲ. 1994ರಲ್ಲಿ ರಕ್ಷಿತ ಪ್ರದೇಶವಾದ ಆ ಕುರುಚಲು ಕಾಡು, ಬಂಡೆಗುಡ್ಡಗಳ ನಡುವೆ ಕರಡಿಗಳು ಮಧ್ಯಾಹ್ನ ಕಳೆದ ಮೇಲೆ ಗುಹೆಗಳಿಂದ ಇಳಿದು ಬರುತ್ತವೆ. ವೀಕ್ಷಣಾ ಗೋಪುರದಿಂದ ಅವನ್ನು ನೋಡಬಹುದು. ಹೊರಡುವ ಮುನ್ನ ಮಗುವಿಗೆ ಎರಡು ಸಂಗತಿ ಹೇಳಿಡಿ. ನಮ್ಮ ಕರಡಿಯ ಮುಖ್ಯ ಆಹಾರದಲ್ಲಿ ಗೆದ್ದಲು ಮತ್ತು ಇರುವೆ ಸೇರಿವೆ, ಅವನ್ನು ಅದು ಉದ್ದ ಮೂತಿಯಿಂದ ಸದ್ದು ಮಾಡುತ್ತಾ ಹೀರಿಕೊಳ್ಳುತ್ತದೆ. ತಾಯಿ ಕರಡಿ ತನ್ನ ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುತ್ತದೆ. ಇದನ್ನು ಕೇಳಿದ ಮಗು ಆಮೇಲೆ ಜಾಂಬುವನ್ನು ಕೈಯಲ್ಲಿ ಹಿಡಿಯುವುದಿಲ್ಲ, ಬೆನ್ನಿನ ಚೀಲದಲ್ಲಿ ತಲೆ ಹೊರಗಿಟ್ಟು ಕೂರಿಸಿಕೊಂಡೇ ನಡೆಯುತ್ತದೆ.

ಟೆಡ್ಡಿ ಎಂಬ ಹೆಸರು ಬಂದದ್ದು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಂದ ಎಂಬುದನ್ನೂ ಗೋಪುರದ ಮೇಲೆ ಕಾಯುವ ಹೊತ್ತಿನಲ್ಲಿ ಹೇಳಬಹುದು. 1902ರಲ್ಲಿ ಮಿಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ, ಜೊತೆಯವರು ಹಿಡಿದು ಕಟ್ಟಿಹಾಕಿದ್ದ ಕರಡಿಗೆ ಗುಂಡು ಹಾರಿಸಲು ಅವರು ಒಪ್ಪಲಿಲ್ಲ. ಕ್ಲಿಫರ್ಡ್ ಬೆರಿಮನ್ ಆ ಸಂಗತಿಯ ವ್ಯಂಗ್ಯಚಿತ್ರ ಬರೆದರು, ಅದನ್ನು ಕಂಡ ಬ್ರೂಕ್ಲಿನ್‌ನ ಅಂಗಡಿಕಾರ ಮೋರಿಸ್ ಮಿಕ್ಟಮ್ ದಂಪತಿ ಬಟ್ಟೆಯ ಕರಡಿ ಮಾಡಿ ರೂಸ್‌ವೆಲ್ಟರ ಮುದ್ದು ಹೆಸರನ್ನೇ ಅದಕ್ಕಿಟ್ಟರು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಸ್ಟೈಫ್ ಕಂಪನಿಯೂ ಕರಡಿ ಗೊಂಬೆಗಳನ್ನು ತಯಾರಿಸಿತು. ಗೋಪುರದಲ್ಲಿ ಗೊಂಬೆಯನ್ನು ಕಟಕಟೆಯ ಮೇಲೆ ಕೂರಿಸಬೇಡಿ. ಬಿದ್ದರೆ ಯಾರೂ ಇಳಿದು ತರುವಂತಿಲ್ಲ.

ಹಂಪಿಯಲ್ಲಿ ನಿಯಮ ಇನ್ನೂ ಬಿಗಿಯಾಗಿರಲಿ. ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲಾಗಲಿ, ಕೆತ್ತನೆಯ ಕಂಬಗಳ ಸಂದಿಯಲ್ಲಾಗಲಿ ಗೊಂಬೆಯನ್ನು ಇಟ್ಟು ಫೋಟೊ ತೆಗೆಯಬಾರದು. ದೂರದಲ್ಲಿ ನಿಂತು ಗೊಂಬೆಯನ್ನು ಕೈಯಲ್ಲಿ ಎತ್ತಿ ಹಿಡಿದರೆ ರಥವೂ ಗೊಂಬೆಯೂ ಒಂದೇ ಚಿತ್ರದಲ್ಲಿ ಬರುತ್ತವೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಗರ್ಭಗುಡಿಯ ಮುಂದೆ ಗೊಂಬೆ ಚೀಲದಲ್ಲಿರಲಿ. ಹಂಪಿ, ನಂದಿಬೆಟ್ಟ, ಚಾಮುಂಡಿಬೆಟ್ಟಗಳಲ್ಲಿ ಕೋತಿಗಳು ಕೈಯಲ್ಲಿರುವುದನ್ನೆಲ್ಲ ತಿಂಡಿಯೆಂದೇ ತಿಳಿದು ಕಸಿದುಕೊಳ್ಳುತ್ತವೆ, ಆದ್ದರಿಂದ ಅಲ್ಲಿ ಫೋಟೊ ಮುಗಿದ ಕೂಡಲೇ ಗೊಂಬೆ ಒಳಗೆ ಹೋಗಬೇಕು, ಚೀಲದ ಜಿಪ್ ಹಾಕಬೇಕು.

ಫೋಟೊ ತೆಗೆಯುವುದು ಮಗುವೇ ಆಗಿರಲಿ. ಫೋನನ್ನು ಗೊಂಬೆಯ ಕಣ್ಣಿನ ಎತ್ತರಕ್ಕೆ ಇಳಿಸಿದಾಗ ಗೊಂಬೆ ಪ್ರಯಾಣಿಕನಂತೆ ಕಾಣುತ್ತದೆ, ನಿಂತು ಮೇಲಿನಿಂದ ತೆಗೆದರೆ ನೆಲದ ಮೇಲೆ ಬಿದ್ದ ಸಾಮಾನಿನಂತೆ ಕಾಣುತ್ತದೆ. ಗೊಂಬೆ ಪ್ರತಿ ಸಲವೂ ಕ್ಯಾಮೆರಾ ಕಡೆಗೇ ಮುಖ ಮಾಡಬೇಕಿಲ್ಲ. ಬೆನ್ನು ಈ ಕಡೆ ಮಾಡಿ ಜೋಗದ ನೀರನ್ನೋ ರೈಲಿನ ಕಿಟಕಿಯಾಚೆಯ ಹೊಲವನ್ನೋ ನೋಡುತ್ತಾ ಕೂತ ಚಿತ್ರಗಳು ನನಗೆ ಹೆಚ್ಚು ಪ್ರಿಯ, ಏಕೆಂದರೆ ಅವುಗಳಲ್ಲಿ ಗೊಂಬೆ ಕಂಡದ್ದು ನಮಗೂ ಕಾಣುತ್ತದೆ. ಒಂದು ಜಾಗಕ್ಕೆ ಒಂದೇ ಚಿತ್ರವನ್ನು ಉಳಿಸಿಕೊಂಡು ಉಳಿದದ್ದನ್ನು ಅಂದು ರಾತ್ರಿಯೇ ಅಳಿಸಿಬಿಡುವುದು ಒಳ್ಳೆಯ ಅಭ್ಯಾಸ. ಅವನ್ನು ಇಂಟರ್‌ನೆಟ್ಟಿನಲ್ಲಿ ಹಂಚಿಕೊಳ್ಳುವುದಾದರೆ ಗೊಂಬೆ ಮಾತ್ರ ಇರುವ ಚಿತ್ರಗಳನ್ನಷ್ಟೇ, ಅದೂ ಊರಿನಿಂದ ಮರಳಿದ ಮೇಲೆ ಹಂಚಿಕೊಳ್ಳಿ. ಮಗುವಿನ ಮುಖ, ಸಮವಸ್ತ್ರ, ಮನೆಯ ಬಾಗಿಲಿನ ಸಂಖ್ಯೆ ಯಾವುದೂ ಕಾಣದಿರಲಿ.

ಪ್ರಯಾಣದಲ್ಲಿ ಗೊಂಬೆಗಳು ಕಳೆಯುವುದು ಬಹುಪಾಲು ಹಾಸಿಗೆಯಲ್ಲಿ. ರೈಲಿನ ಎಸಿ ಬೋಗಿಯಲ್ಲಿ ಬೆಳಗ್ಗೆ ಹೊದಿಕೆ, ಚಾದರಗಳನ್ನು ಒಟ್ಟಿಗೆ ಸುತ್ತಿ ಕೊಂಡೊಯ್ಯುವಾಗ, ಹೋಟೆಲಿನ ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಬದಲಿಸುವಾಗ ಒಳಗೆ ಸಿಕ್ಕಿಕೊಂಡ ಗೊಂಬೆ ಹಾಗೆಯೇ ಒಗೆಯಲು ಹೋಗಿಬಿಡುತ್ತದೆ. ಇಳಿಯುವ ಮುನ್ನ ಚೀಲಗಳನ್ನು ಎಣಿಸುವ ಹಾಗೆ ಗೊಂಬೆಯನ್ನೂ ಎಣಿಸಬೇಕು, ಎಣಿಸುವ ಹೊಣೆ ಮಗುವಿನದೇ. ವಿಮಾನದಲ್ಲಾದರೆ ಗೊಂಬೆಯನ್ನು ಕೈಚೀಲದಲ್ಲಿಡಿ. ಗೊಂಬೆಯ ಬೆನ್ನಿಗೆ ಅಥವಾ ಪಾದಕ್ಕೆ ಹತ್ತಿ ಪಟ್ಟಿಯೊಂದನ್ನು ಹೊಲಿದು, ಅಳಿಸದ ಶಾಯಿಯಲ್ಲಿ ದೊಡ್ಡವರೊಬ್ಬರ ಫೋನ್ ಸಂಖ್ಯೆಯನ್ನು ಮಾತ್ರ ಬರೆಯಿರಿ, ಮಗುವಿನ ಹೆಸರೂ ವಿಳಾಸವೂ ಬೇಡ.

ಗೆಳೆಯರ ಮನೆಯಲ್ಲಿ

ಗೊಂಬೆಯನ್ನು ಇನ್ನೊಂದು ಮನೆಗೆ ಕಳುಹಿಸುವಾಗ ಆ ಮನೆಯ ಹಿರಿಯರನ್ನು ಮಗುವೇ ಕೇಳಬೇಕು. ‘ಅಜ್ಜಿ, ನಮ್ಮ ಜಾಂಬು ಎರಡು ದಿನ ನಿಮ್ಮ ಮನೇಲಿ ಇರಬಹುದಾ?’ ಎಂದು ಕೇಳಲು ಕಲಿತ ಮಗು ಆಮೇಲೆ ಎಲ್ಲಿಯೂ ಹಿಂಜರಿಯುವುದಿಲ್ಲ. ಎರಡು ಮೂರು ದಿನ, ಹೆಚ್ಚೆಂದರೆ ಒಂದು ವಾರ ಸಾಕು. ಅದಕ್ಕಿಂತ ಹೆಚ್ಚಾದರೆ ಆ ಮನೆಯ ತಾಯಿಗೆ ಅದೊಂದು ಹೊರೆಯಾಗುತ್ತದೆ. ಬಟ್ಟೆಯ ಚೀಲದಲ್ಲಿ ಗೊಂಬೆ, ದಿನಚರಿ, ಪೆನ್ಸಿಲ್, ಜೊತೆಗೆ ಜಾಂಬುವಿನ ಸ್ವಭಾವ, ಕೆಲಸ, ಮರಳುವ ದಿನ ಬರೆದ ಒಂದು ಚೀಟಿ ಇರಲಿ. ಗೊಂಬೆಯೊಡನೆ ತಿಂಡಿ, ಉಡುಗೊರೆ ಕಳುಹಿಸುವ ಪದ್ಧತಿಯನ್ನು ಮಾತ್ರ ಆರಂಭಿಸಬೇಡಿ. ಒಬ್ಬರು ಕಳುಹಿಸಿದರೆ ಎಲ್ಲರೂ ಕಳುಹಿಸಲೇಬೇಕಾಗುತ್ತದೆ.

ತರಗತಿಯಲ್ಲಿ ಇದನ್ನು ನಡೆಸುವ ಶಿಕ್ಷಕರು ಹಾಜರಿ ಪುಸ್ತಕದ ಕ್ರಮವನ್ನೇ ಪಾಲಿಸಲಿ, ಚೆನ್ನಾಗಿ ಓದುವವರಿಗೆ ಮೊದಲು ಎಂಬ ಬಹುಮಾನದ ಮಾತು ಇದರಲ್ಲಿ ಬರಬಾರದು. ಇನ್ನೂ ಮುಖ್ಯವಾದ ವಿಷಯವೊಂದಿದೆ. ಒಬ್ಬರ ಮನೆಯಲ್ಲಿ ಗೊಂಬೆ ರೆಸಾರ್ಟಿಗೆ ಹೋಗಿ, ಇನ್ನೊಬ್ಬರ ಮನೆಯಲ್ಲಿ ಕೂಲಿಗೆ ಹೋದ ಅಪ್ಪನನ್ನು ಕಾಯುತ್ತಾ ಕೂತಿದ್ದರೆ, ಎರಡನೆಯ ಮಗುವಿಗೆ ತನ್ನ ಪುಟ ಓದಲು ಸಂಕೋಚವಾಗುತ್ತದೆ. ಆದ್ದರಿಂದ ತರಗತಿಯ ದಿನಚರಿಯಲ್ಲಿ ಫೋಟೊ ಬೇಡ, ಎಲ್ಲರೂ ಚಿತ್ರ ಬರೆಯಲಿ ಎಂದು ಮೊದಲೇ ನಿಯಮ ಮಾಡಿ. ಕಥೆ ಮನೆಯೊಳಗಿನದ್ದೇ ಆಗಿರಲಿ ಎಂದೂ ಹೇಳಿ: ಸಂಜೆ ಯಾರು ಏನು ಮಾಡುತ್ತಾರೆ, ಜಾಂಬು ಯಾರ ಪಕ್ಕ ಮಲಗಿದ, ರಾತ್ರಿ ಯಾವ ಸದ್ದು ಕೇಳಿಸಿತು. ಹೀಗೆ ಮಾಡಿದಾಗ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸರಸರ ಸದ್ದನ್ನು ಬರೆದ ಮಗುವಿನ ಪುಟದ ಸುತ್ತ ಇಡೀ ತರಗತಿ ಸೇರುತ್ತದೆ.

ಕೆನಡಾದ ಒಂಟಾರಿಯೊ ಪ್ರಾಂತದ ಶಿಕ್ಷಕ ಡೇಲ್ ಹ್ಯೂಬರ್ಟ್ 1995ರಲ್ಲಿ ಕಾಗದದ ಹುಡುಗನೊಬ್ಬನನ್ನು ಅಂಚೆಯಲ್ಲಿ ಶಾಲೆಯಿಂದ ಶಾಲೆಗೆ ಕಳುಹಿಸುವ ಯೋಜನೆ ಆರಂಭಿಸಿದಾಗ ಅದರ ಗುರಿ ಮಕ್ಕಳ ಬರವಣಿಗೆಯೇ ಆಗಿತ್ತು. ಬರೆದದ್ದನ್ನು ನಿಜವಾಗಿ ಓದುವವರು ಇನ್ನೊಂದು ಊರಿನಲ್ಲಿ ಕಾಯುತ್ತಿದ್ದಾರೆ ಎಂಬುದು ಮಗುವಿಗೆ ದೊಡ್ಡ ಪ್ರೇರಣೆ. ನಮ್ಮಲ್ಲೂ ಮೈಸೂರಿನ ಮಗು ಬೀದರಿನ ಸೋದರಸಂಬಂಧಿಗೆ ಗೊಂಬೆಯನ್ನು ಅಂಚೆಯಲ್ಲಿ ಕಳುಹಿಸಬಹುದು. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನವಾಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯ ಸಂಖ್ಯೆಯಿಂದ ಗೊಂಬೆ ಎಲ್ಲಿಯವರೆಗೆ ತಲುಪಿತೆಂದು ಮಗುವಿನೊಡನೆ ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋಗಿ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಲೇಬೇಕು. ವಿದೇಶದಲ್ಲಿರುವ ಚಿಕ್ಕಮ್ಮನ ಮಕ್ಕಳಿಗೆ ಕಳುಹಿಸುವಾಗ ಒಳಗಿರುವ ವಸ್ತು ಮತ್ತು ಅದರ ಬೆಲೆಯನ್ನು ಕಸ್ಟಮ್ಸ್ ನಮೂನೆಯಲ್ಲಿ ತುಂಬಬೇಕಾಗುತ್ತದೆ. ದಿನಚರಿಯ ಮೂಲ ಪುಸ್ತಕವನ್ನು ಅಂಚೆಗೆ ಹಾಕದೆ, ಬೇರೊಂದು ತೆಳು ಪುಸ್ತಕವನ್ನು ಕಳುಹಿಸಿ.

ಗೊಂಬೆಗಳೆಲ್ಲ ಒಟ್ಟಾಗಿ ಸೇರುವ ಸಂದರ್ಭಗಳನ್ನೂ ಹುಡುಕಿಕೊಳ್ಳಬಹುದು. ಜಪಾನಿನ ಗ್ರಂಥಾಲಯಗಳಲ್ಲಿ ಮಕ್ಕಳು ತಮ್ಮ ಗೊಂಬೆಗಳನ್ನು ಒಂದು ರಾತ್ರಿ ಬಿಟ್ಟುಹೋಗುವ ಕಾರ್ಯಕ್ರಮ ಜನಪ್ರಿಯವಾಗಿದೆ. ರಾತ್ರಿ ಗೊಂಬೆಗಳು ಪುಸ್ತಕ ತೆಗೆದು ಓದುತ್ತಿರುವಂತೆ ಸಿಬ್ಬಂದಿ ಫೋಟೊ ತೆಗೆದಿಡುತ್ತಾರೆ. ಮಾರನೆಯ ದಿನ ಮಗುವಿಗೆ ಗೊಂಬೆಯ ಜೊತೆ ಆ ಫೋಟೊವೂ, ಗೊಂಬೆ ‘ಆರಿಸಿದ’ ಪುಸ್ತಕವೂ ಸಿಗುತ್ತವೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಲ್ಲಿ ಹೆಚ್ಚು ಖರ್ಚಿಲ್ಲದೆ ಇದನ್ನು ಮಾಡಬಹುದು, ಮಾಡಲೇಬೇಕೆಂದು ನನ್ನ ಆಸೆ. ಹಳೆ ಮೈಸೂರು ಸೀಮೆಯಲ್ಲಿ ದಸರೆಗೆ ಗೊಂಬೆ ಕೂರಿಸುವ ಮನೆಗಳಿದ್ದರೆ, ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗಾದರೂ ಕೆಳಗಡೆ ಸಂತೆ, ಹಳ್ಳಿ, ಉದ್ಯಾನಗಳನ್ನು ಜೋಡಿಸುವ ಜಾಗದಲ್ಲಿ ಜಾಂಬುವಿಗೂ ಅವನ ಗೆಳೆಯರಿಗೂ ಸ್ಥಳ ಕೊಡಿ. ಗೊಂಬೆ ನೋಡಲು ಬಂದ ಮಕ್ಕಳಿಗೆ, ಅವನು ಹೋಗಿಬಂದ ಊರುಗಳನ್ನು ನಿಮ್ಮ ಮಗು ತಾನೇ ವಿವರಿಸುತ್ತದೆ.

ತೊಳೆಯುವುದು, ಹೊಲಿಯುವುದು, ಕಳೆದುಹೋದಾಗ

ಮನೆಯಿಂದ ಮನೆಗೆ ತಿರುಗುವ ಗೊಂಬೆ ಪ್ರತಿ ಸುತ್ತಿನ ನಂತರ ಶುಚಿಯಾಗಬೇಕು. ದಿಂಬಿನ ಕವರಿನೊಳಗೆ ಹಾಕಿ ಬಾಯಿ ಕಟ್ಟಿ, ಕಡಿಮೆ ಸೋಪಿನಲ್ಲಿ, ವಾಷಿಂಗ್ ಮೆಷಿನ್ನಿನ ಮೃದು ಒಗೆತಕ್ಕೆ ಹಾಕಿದರೆ ಕೂದಲು ಕೆಡುವುದಿಲ್ಲ. ಕೈಯಲ್ಲಿ ಒಗೆಯುವುದಾದರೆ ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಬೇಕು. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಗೊಂಬೆಯನ್ನು ಮುಚ್ಚಿದ ಕವರಿನಲ್ಲಿ ಹಾಕಿ ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಒಗೆಯಿರಿ. ತಣ್ಪಿಗೆ ಧೂಳಿನ ಹುಳುಗಳು ಸಾಯುತ್ತವೆ, ಒಗೆತದಲ್ಲಿ ಅವುಗಳ ಕಸ ಹೋಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೊರಗೆ ಒಣಗಿದಂತೆ ಕಂಡರೂ ಒಳಗಿನ ತೇವ ಉಳಿದು ಬೂಸು ಹಿಡಿಯುತ್ತದೆ, ಆದ್ದರಿಂದ ಎರಡು ದಿನ ಫ್ಯಾನಿನ ಕೆಳಗಿಟ್ಟು, ಹೊಟ್ಟೆಯನ್ನು ಗಟ್ಟಿಯಾಗಿ ಒತ್ತಿ ನೋಡಿ ಖಚಿತಪಡಿಸಿಕೊಂಡೇ ಚೀಲಕ್ಕೆ ಹಾಕಬೇಕು. ಹೊಲಿಗೆ ಬಿಚ್ಚಿದ್ದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊಲಿಯಿರಿ. ಗೊಂಬೆಯನ್ನು ಒಯ್ದು ಮರುದಿನ ಸರಿಮಾಡಿ ತಂದುಕೊಡುವುದಕ್ಕಿಂತ, ದಾರ ಪೋಣಿಸುವ ಕೆಲಸವನ್ನು ಮಗುವಿಗೇ ಕೊಟ್ಟರೆ ಅದರ ಗಾಬರಿ ಇಳಿಯುತ್ತದೆ.

ಎಷ್ಟು ಜೋಪಾನ ಮಾಡಿದರೂ ಗೊಂಬೆ ಒಮ್ಮೆ ಕಳೆದುಹೋಗಬಹುದು. ಆಗ ಅಂಗಡಿಯಿಂದ ಅದೇ ಥರದ್ದನ್ನು ತಂದು ‘ಸಿಕ್ಕಿತು’ ಎಂದು ಹೇಳಬೇಡಿ. ತನ್ನ ಗೊಂಬೆಯ ವಾಸನೆ, ಸವೆದ ಕಿವಿ, ಹೊಲಿಗೆಯ ಗುರುತು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ, ಸುಳ್ಳು ಗೊತ್ತಾದ ಮೇಲೆ ಅದು ಗೊಂಬೆಗಿಂತ ಹೆಚ್ಚಿನದನ್ನು ಕಳೆದುಕೊಳ್ಳುತ್ತದೆ. ಕೊನೆಯ ಬಾರಿ ನೋಡಿದ ಜಾಗಕ್ಕೆ, ಬಸ್ ಡಿಪೋಗೆ, ಹೋಟೆಲಿಗೆ ಮಗುವಿನ ಎದುರಿನಲ್ಲೇ ಫೋನ್ ಮಾಡಿ, ಬಂದ ಉತ್ತರವನ್ನು ಇದ್ದ ಹಾಗೆ ಹೇಳಿ. ಅಳುವುದಕ್ಕೆ ಸಮಯ ಕೊಡಿ. ಕೆಲವು ದಿನಗಳ ನಂತರ, ಮಗುವಿಗೆ ಇಷ್ಟವಿದ್ದರೆ, ಜಾಂಬು ಈಗ ಎಲ್ಲಿರಬಹುದೆಂದು ದಿನಚರಿಯ ಕೊನೆಯ ಪುಟದಲ್ಲಿ ಅದು ಬರೆಯಬಹುದು. ಮುಂದೆ ಹೊಸ ಗೊಂಬೆ ಬಂದರೆ ಅದಕ್ಕೆ ಬೇರೆ ಹೆಸರು, ಬೇರೆ ಸ್ವಭಾವ, ಬೇರೆ ಪುಸ್ತಕವಿರಲಿ. ಜಾಂಬುವಿನ ಕೆಲಸವನ್ನು ಅದಕ್ಕೆ ವಹಿಸಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸಲಿ.